ಗೊತ್ತಿಲ್ಲದವರ ಕೈಗೆ ಮೊದಲು ಕೊಡು

ಪುಟ್ಟೀ,

ಕಾದಂಬರಿಯನ್ನು ಸಾಹಿತ್ಯಕ ಏಜೆಂಟರಿಗೆ ಪರಿಚಯಿಸಲು ನೀನು ಬರೆದ ಕ್ವೆರಿ ಲೆಟರ್ ಓದಿದೆ. ತುಂಬಾ ಹಿಡಿಸಿತು. ಆದ್ದರಿಂದಲೇ ನನ್ನ ಮೆಚ್ಚುಗೆಯನ್ನು ನೀನು ಲೆಕ್ಕಕ್ಕೆ ಹಿಡಿಯಬಾರದು.

ನಾನು ಮುಳುಗಡೆಯ ಕಥೆ ಕೇಳುತ್ತಲೇ ಬೆಳೆದವಳು. ಲಿಂಗನಮಕ್ಕಿ ಅಣೆಕಟ್ಟಿನ ಹೆಸರು ಕಣ್ಣಿಗೆ ಬಿದ್ದರೆ ಸಾಕು, ಶರಾವತಿಯ ಹಿನ್ನೀರು, ಬಿಟ್ಟುಬಂದ ತೋಟ, ಪರಿಹಾರದ ಪಟ್ಟಿಯಲ್ಲಿ ಹೆಸರು ಹುಡುಕುತ್ತಾ ಕಚೇರಿ ಅಲೆದವರು, ಹಕ್ಕುಪತ್ರ ಕಾಣದೆ ತೀರಿಹೋದವರು, ಎಲ್ಲ ತಾವಾಗಿ ಬಂದು ನಿಲ್ಲುತ್ತಾರೆ. ನೀನು ಬರೆದದ್ದು ಒಂದು ಪುಟ, ನಾನು ಓದಿಕೊಂಡದ್ದು ಹತ್ತು ಪುಟ. ನೀನು ಬಿಟ್ಟದ್ದನ್ನೆಲ್ಲ ನಾನೇ ತುಂಬಿಕೊಂಡೆ. ನ್ಯೂಯಾರ್ಕಿನಲ್ಲಿ ಕೂತ ಏಜೆಂಟಿಗೆ ಹಾಗೆ ತುಂಬಿಕೊಳ್ಳಲು ಏನೂ ಇಲ್ಲ. ಅವರ ಎದುರು ಇರುವುದು ಮುನ್ನೂರು ಪದ, ಅಷ್ಟೇ. ನೀನು ಪಕ್ಕದಲ್ಲಿ ಕೂತು "ಅಲ್ಲ ಅಲ್ಲ, ಅದರ ಅರ್ಥ ಏನಪ್ಪಾ ಅಂದರೆ" ಎನ್ನುವ ಹಾಗೂ ಇಲ್ಲ.

ಹಾಗಾಗಿ ನಾನು ಹೇಳುವ ಮುಖ್ಯ ಮಾತು ಇದೊಂದೇ. ಕಳಿಸುವ ಮೊದಲು ಪತ್ರವನ್ನು ನಿನ್ನ ಕಾದಂಬರಿ ಓದದವರಿಗೆ, ಸಾಗರ ಎಂಬ ಊರು ಎಲ್ಲಿದೆ ಎಂದು ತಿಳಿಯದವರಿಗೆ, ಸಾಧ್ಯವಾದರೆ ನಿನ್ನನ್ನೂ ಅಷ್ಟಾಗಿ ಬಲ್ಲದವರಿಗೆ ತೋರಿಸು. ಉಳಿದದ್ದೆಲ್ಲ ಇದರ ವಿವರ.

ನಮ್ಮಲ್ಲಿ ಏಜೆಂಟಿಗೆ ಪತ್ರ ಬರೆಯುವ ಪದ್ಧತಿಯೇ ಇಲ್ಲ. ಅದಕ್ಕೇ ನಿನ್ನ ಅಪ್ಪನಿಗೆ "ಒಂದು ಪತ್ರಕ್ಕೆ ಇಷ್ಟೆಲ್ಲ ಯಾಕೆ" ಅನ್ನಿಸಿದೆ. ಕನ್ನಡದಲ್ಲಿ ಕಾದಂಬರಿ ಬರೆದವರು ಹಸ್ತಪ್ರತಿಯನ್ನು ನೇರವಾಗಿ ಪ್ರಕಾಶಕರಿಗೆ ಕೊಡುತ್ತಾರೆ. ಧಾರವಾಡದ ಮನೋಹರ ಗ್ರಂಥಮಾಲೆಯಿರಲಿ, ಹೆಗ್ಗೋಡಿನ ಅಕ್ಷರ ಪ್ರಕಾಶನವಿರಲಿ, ನಡುವೆ ಏಜೆಂಟ್ ಎಂಬ ಪ್ರಾಣಿ ಇಲ್ಲ. ಹಿರಿಯರೊಬ್ಬರು ಓದಿ ಮುನ್ನುಡಿ ಬರೆದುಕೊಟ್ಟರೆ ಅದೇ ಶಿಫಾರಸು. ಛಂದ ಪುಸ್ತಕದವರು ಹೊಸ ಕಥೆಗಾರರಿಗೆಂದು ಹಸ್ತಪ್ರತಿ ಸ್ಪರ್ಧೆ ನಡೆಸುತ್ತಾ ಬಂದಿದ್ದಾರೆ. ಅಲ್ಲೂ ತೂಗಿ ನೋಡುವುದು ಹಸ್ತಪ್ರತಿಯನ್ನೇ ಹೊರತು ಜೊತೆಗಿಟ್ಟ ಪತ್ರವನ್ನಲ್ಲ.

ಇಂಗ್ಲಿಷಿನ ದಾರಿ ಬೇರೆ. ಲಂಡನ್ನಿನಲ್ಲಿ ಎ. ಪಿ. ವಾಟ್ ಎಂಬಾತ 1870ರ ದಶಕದಲ್ಲಿ ಬರಹಗಾರರ ಪರವಾಗಿ ಪ್ರಕಾಶಕರೊಡನೆ ವ್ಯವಹಾರ ಕುದುರಿಸಲು ಶುರುಮಾಡಿದ. ಮೊದಲ ಸಾಹಿತ್ಯಕ ಏಜೆಂಟ್ ಎಂದು ಅವನನ್ನೇ ಹೆಸರಿಸುವುದು ರೂಢಿ. ಇವತ್ತು ಅಮೆರಿಕ, ಇಂಗ್ಲೆಂಡುಗಳ ದೊಡ್ಡ ಪ್ರಕಾಶಕರು ಏಜೆಂಟರ ಮೂಲಕ ಬಾರದ ಕಾದಂಬರಿಯನ್ನು ಬಹುಮಟ್ಟಿಗೆ ತೆರೆದೂ ನೋಡುವುದಿಲ್ಲ. ಏಜೆಂಟರ ಸಂಪಾದನೆ ಲೇಖಕರ ಗಳಿಕೆಯಲ್ಲಿ ಒಂದು ಪಾಲು: ಸ್ವದೇಶದ ಮಾರಾಟದಲ್ಲಿ ಸಾಮಾನ್ಯವಾಗಿ ಶೇ. 15, ವಿದೇಶಿ ಹಾಗೂ ಅನುವಾದದ ಹಕ್ಕುಗಳಲ್ಲಿ ಶೇ. 20. ಪುಸ್ತಕ ಮಾರಾಟವಾಗದಿದ್ದರೆ ಅವರ ಕೈಗೆ ಏನೂ ಹತ್ತುವುದಿಲ್ಲ. ಆದ್ದರಿಂದ ತಮ್ಮ ಲೇಖಕರ ಕೆಲಸ ಮುಗಿಸಿ, ಮಿಕ್ಕ ಹೊತ್ತಿನಲ್ಲಿ ಹೊಸಬರ ಪತ್ರಗಳ ರಾಶಿಗೆ ಕೈಹಾಕುತ್ತಾರೆ. ದೆಹಲಿಯಲ್ಲಿ ಕೆಲಸದಲ್ಲಿದ್ದಾಗ ನಾನೂ ಅಂಥ ರಾಶಿಯ ಮುಂದೆ ಕೂತವಳೇ. ಸಂಜೆ ಆರರ ನಂತರ ಓದುವ ಪತ್ರವನ್ನು ಯಾರೂ ಎರಡನೇ ಸಲ ಓದುವುದಿಲ್ಲ ಕಣೇ. ಇದು ಕ್ರೌರ್ಯವಲ್ಲ, ದಣಿವು.

ನಿನ್ನ ಅಪ್ಪ ಅರುಂಧತಿ ರಾಯ್ ಕಥೆ ಹೇಳಿ ನಿನಗೆ ಧೈರ್ಯ ತುಂಬಿದನಂತೆ. ಡೇವಿಡ್ ಗಾಡ್ವಿನ್ ಎಂಬ ಬ್ರಿಟಿಷ್ ಏಜೆಂಟ್ 'ದ ಗಾಡ್ ಆಫ್ ಸ್ಮಾಲ್ ಥಿಂಗ್ಸ್' ಹಸ್ತಪ್ರತಿ ಓದಿ ವಿಮಾನ ಹತ್ತಿ ದೆಹಲಿಗೇ ಬಂದದ್ದು ನಿಜ. 1997ರಲ್ಲಿ ಆ ಪುಸ್ತಕಕ್ಕೆ ಬೂಕರ್ ಬಂದದ್ದೂ ನಿಜ. ಆದರೆ ಎಲ್ಲರೂ ವಿಮಾನದ ಭಾಗವನ್ನೇ ಹೇಳುತ್ತಾರೆ. ಅದಕ್ಕೂ ಮೊದಲು ಆಗ ಹಾರ್ಪರ್‌ಕಾಲಿನ್ಸ್ ಇಂಡಿಯಾದಲ್ಲಿದ್ದ ಪಂಕಜ್ ಮಿಶ್ರಾ ಹಸ್ತಪ್ರತಿ ಓದಿ ಬೆರಗಾಗಿ ಅದನ್ನು ಲಂಡನ್ನಿಗೆ ಕಳಿಸಿದರು. ನಡುವೆ ಒಬ್ಬ ಓದುಗ ಇದ್ದ, ಅವನ ಮಾತಿಗೆ ಅಲ್ಲಿ ಬೆಲೆಯಿತ್ತು. ನಿನಗೆ ಅಂಥವರು ಯಾರೂ ಇಲ್ಲ. ಆ ಕೆಲಸವನ್ನು ಮುನ್ನೂರು ಪದಗಳ ನಿನ್ನ ಪತ್ರವೇ ಮಾಡಬೇಕು.

ಇನ್ನೊಂದು ಕಾರಣಕ್ಕೂ ತಿದ್ದುವ ಕೆಲಸ ಕಳಿಸುವ ಮುಂಚೆಯೇ ಆಗಬೇಕು. ಒಂದು ಕಾದಂಬರಿಗೆ ಒಬ್ಬ ಏಜೆಂಟ್ ಸಾಮಾನ್ಯವಾಗಿ ಒಂದೇ ಸಲ ಕಣ್ಣು ಹಾಯಿಸುವುದು. ಬೇಡ ಎಂದ ಮೇಲೆ "ಈಗ ಪತ್ರ ಸರಿಮಾಡಿದ್ದೇನೆ, ಮತ್ತೊಮ್ಮೆ ನೋಡಿ" ಎನ್ನುವ ಹಾಗಿಲ್ಲ. ಕೆಲವು ಸಂಸ್ಥೆಗಳಲ್ಲಿ ಒಬ್ಬರು ಬೇಡ ಎಂದರೆ ಎಲ್ಲರೂ ಬೇಡ ಎಂದ ಹಾಗೆ.

ಈಗ ನಿನ್ನ ಪತ್ರಕ್ಕೆ ಬರುತ್ತೇನೆ. ಮೊದಲ ವಾಕ್ಯದಲ್ಲೇ ಒಂದು ಪ್ರಶ್ನೆ ಕೇಳಿದ್ದೀಯ: ನೀರು ನೆನಪುಗಳನ್ನು ಮುಳುಗಿಸಬಲ್ಲದೇ ಎಂದು. ಓದುವವರು "ಗೊತ್ತಿಲ್ಲ" ಎಂದುಕೊಂಡು ಮುಂದಿನ ಪತ್ರಕ್ಕೆ ಹೋಗಬಹುದು. ಎರಡನೇ ಪ್ಯಾರಾದಲ್ಲಿ ಹಿರೇಭಾಸ್ಕರ ಅಣೆಕಟ್ಟಿನ ಇತಿಹಾಸ. ಲಿಂಗನಮಕ್ಕಿಗಿಂತ ಮೊದಲೇ ಕಟ್ಟಿದ ಆ ಅಣೆಕಟ್ಟು 1964ರಲ್ಲಿ ಬಂದ ಹೊಸ ಅಣೆಕಟ್ಟಿನ ನೀರಿನಲ್ಲಿ ತಾನೇ ಮುಳುಗಿತು, ನೀರಿಳಿದ ಬೇಸಿಗೆಯಲ್ಲಿ ಈಗಲೂ ಮೇಲೆದ್ದು ಕಾಣುತ್ತದೆ. ಸಾಗರದ ಕಡೆಯ ನನಗೆ ಅದನ್ನು ಓದಿ ಮೈ ಜುಮ್ಮೆಂದಿತು. ಏಜೆಂಟಿಗೆ ಅದು ಭೂಗೋಳದ ಪಾಠ. ಆಮೇಲೆ ನಾಲ್ಕು ಸಾಲಿನಲ್ಲಿ ಏಳು ಹೆಸರು. ಅಜ್ಜಿ, ಅತ್ತೆ, ಮೈದುನ, ಶಾನುಭೋಗ ಎಲ್ಲ ಸಾಲಾಗಿ ಬರುತ್ತಾರೆ. ಈ ಅಳತೆಯ ಪತ್ರದಲ್ಲಿ ಎರಡು ಹೆಸರಿಗೆ ಜಾಗವಿದೆ, ಹೆಚ್ಚೆಂದರೆ ಮೂರಕ್ಕೆ. ಕೊನೆಗೆ "ಇದು ಪ್ರೀತಿಯ, ಕಳೆದುಕೊಳ್ಳುವಿಕೆಯ, ಅಸ್ಮಿತೆಯ ಕಥೆ" ಎಂದು ಬರೆದಿದ್ದೀಯ. ಯಾವ ಕಾದಂಬರಿ ಅಲ್ಲ ಹೇಳು?

ನಿಜವಾದ ಕಥೆ ಮೂರನೇ ಪ್ಯಾರಾದ ನಡುವೆ, ಒಂದು ಅಡ್ಡವಾಕ್ಯದಲ್ಲಿ ಅಡಗಿತ್ತು. ನಾಯಕಿ ಸರಸಿಯ ಹೆಬ್ಬೆಟ್ಟಿನ ಗುರುತು. ಅದನ್ನು ಮೇಲಕ್ಕೆ ತಂದು ನೋಡು. ಇಂಗ್ಲಿಷಿನಲ್ಲಿ ನೀನೇ ಬರೆದುಕೋ, ನಾನು ಕನ್ನಡದಲ್ಲಿ ಹೇಳುತ್ತೇನೆ:

1963. ಬರುವ ಮಳೆಗಾಲಕ್ಕೆ ಊರು ನೀರಿನಡಿ ಹೋಗುತ್ತದೆ. ಹತ್ತೊಂಬತ್ತರ ವಿಧವೆ ಸರಸಿಗೆ ಗಂಡನ ಪಾಲಿನ ತೋಟಕ್ಕೆ ಪರಿಹಾರ ಬರಬೇಕು, ಆದರೆ ಪಟ್ಟಿಯಲ್ಲಿರುವುದು ಮೈದುನನ ಹೆಸರು. ಅವಳು ತಕರಾರು ಹಾಕಿದರೆ ಇಡೀ ಮನೆಯ ಪರಿಹಾರ ನಿಂತುಹೋಗುತ್ತದೆ. ಒಪ್ಪಿ ಹೆಬ್ಬೆಟ್ಟು ಒತ್ತಿದರೆ ಹೊಸ ಊರಿನಲ್ಲಿ ಅವಳು ಜೀವಮಾನವಿಡೀ ಮೈದುನನ ಮನೆಯ ಸಂಬಳವಿಲ್ಲದ ಆಳು. ಕಾಗದಕ್ಕೆ ಗುರುತು ಹಾಕಲು ಉಳಿದಿರುವುದು ಎಂಟು ದಿನ.

ಇಲ್ಲಿ ಒಬ್ಬಳಿದ್ದಾಳೆ, ಅವಳಿಗೊಂದು ಬೇಕು ಇದೆ, ಅಡ್ಡ ನಿಂತವರಿದ್ದಾರೆ, ಯಾವ ಕಡೆ ಹೆಜ್ಜೆ ಇಟ್ಟರೂ ಏನೋ ಕಳೆದುಹೋಗುತ್ತದೆ, ಜೊತೆಗೆ ಗಡುವು ಇದೆ. ಕೊನೆಗೆ ಏನಾಯಿತು ಎಂದು ಹೇಳಬೇಡ. ಅದನ್ನು ಹೇಳುವ ಜಾಗ ಸಿನಾಪ್ಸಿಸ್, ಅಂದರೆ ಇಡೀ ಕಥೆಯ ಸಾರಾಂಶ. ಅಲ್ಲಿ ಮುಚ್ಚಿಡಬಾರದು, ಇಲ್ಲಿ ಬಿಚ್ಚಿಡಬಾರದು. ನ್ಯೂಯಾರ್ಕಿನ ಜಾನೆಟ್ ರೀಡ್ ಎಂಬ ಏಜೆಂಟ್ ಅಪರಿಚಿತ ಬರಹಗಾರರ ಪತ್ರಗಳನ್ನು ವರ್ಷಗಟ್ಟಲೆ ಎಲ್ಲರಿಗೂ ಕಾಣುವ ಹಾಗೆ ತಿದ್ದಿ ತೋರಿಸಿದರು. 2024ರಲ್ಲಿ ತೀರಿಕೊಂಡರು, ನಾಲಿಗೆ ಬಹಳ ಹರಿತ. ಅವರು ಮತ್ತೆ ಮತ್ತೆ ಕೇಳುತ್ತಿದ್ದದ್ದೂ ಇದನ್ನೇ: ನಿಮ್ಮ ಪಾತ್ರಕ್ಕೆ ಬೇಕಾದದ್ದೇನು, ಸಿಗದಿದ್ದರೆ ಆಗುವ ನಷ್ಟವೇನು.

ವಿನಯದ ವಿಷಯ ಸ್ವಲ್ಪ ಹೇಳಬೇಕು, ಇದು ನಮ್ಮವರ ವಿಶೇಷ ತೊಂದರೆ. ಶಾಲೆಯಲ್ಲಿ ರಜಾ ಅರ್ಜಿ ಬರೆದ ದಿನದಿಂದ ನಮ್ಮ ಕೈ "ತಮ್ಮಲ್ಲಿ ಸವಿನಯವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ" ಎಂಬುದಕ್ಕೆ ಒಗ್ಗಿಹೋಗಿದೆ. ನಮ್ಮ ಕಾವ್ಯಗಳಲ್ಲೂ ಕವಿ ಆರಂಭದಲ್ಲಿ ತನ್ನನ್ನು ಅಲ್ಪಮತಿ ಎಂದುಕೊಂಡು, ಬಲ್ಲವರು ತಿದ್ದಬೇಕೆಂದು ಕೈಮುಗಿಯುತ್ತಾನೆ. ಅದು ಸಂಪ್ರದಾಯ ಎಂದು ನಮ್ಮ ಓದುಗರಿಗೆ ಗೊತ್ತು, ಯಾರೂ ಅವನ ಮಾತನ್ನು ನಂಬುವುದಿಲ್ಲ. ನೀನು "ನಾನು ಬರೀ ಸಾಫ್ಟ್‌ವೇರ್ ಕೆಲಸದವಳು, ಇದು ನನ್ನ ಮೊದಲ ಸಣ್ಣ ಪ್ರಯತ್ನ" ಎಂದು ಬರೆದರೆ ಅಮೆರಿಕದ ಏಜೆಂಟ್ ನಂಬಿಬಿಡುತ್ತಾರೆ! ಆ ವಾಕ್ಯ ತೆಗೆದುಹಾಕು. ನಿನ್ನ ಅಜ್ಜನ ಮನೆ ಆ ನೀರಿನಡಿ ಇದೆ ಎಂಬ ಒಂದೇ ವಾಕ್ಯ ಸಾಕು, ಈ ಪುಸ್ತಕ ಬರೆಯುವ ಅಧಿಕಾರ ನಿನಗೆ ಎಲ್ಲಿಂದ ಬಂತು ಎಂದು ಅದು ಹೇಳುತ್ತದೆ. ಇನ್ನೊಂದು ಕಡೆಗೂ ಜಾರಬೇಡ. ನಮ್ಮ ಬೆನ್ನುಡಿಗಳ ಧಾಟಿ ಕಿವಿಯಲ್ಲಿ ಕೂತುಬಿಟ್ಟಿರುತ್ತದೆ: ಅನನ್ಯ ಕೃತಿ, ಮನಮಿಡಿಯುವ ಕಥನ, ಓದಲೇಬೇಕಾದ ಪುಸ್ತಕ. ಬೆನ್ನುಡಿಯಲ್ಲಿ ಅದನ್ನು ಬೇರೆಯವರು ಹೇಳಿರುತ್ತಾರೆ. ಇಲ್ಲಿ ನಿನ್ನ ಬಾಯಿಂದಲೇ ಬಂದರೆ ಚೆನ್ನಾಗಿರುವುದಿಲ್ಲ.

ಇನ್ನು ತೋರಿಸುವುದು ಯಾರಿಗೆ, ಹೇಗೆ.

ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಹಾಕಬೇಡ. ಅರ್ಧ ಗಂಟೆಯಲ್ಲಿ ಚಪ್ಪಾಳೆ, ಹೂವು, "ನಮ್ಮ ಹೆಮ್ಮೆ" ಎಂದು ಬಂದು ಬೀಳುತ್ತವೆ. ಪ್ರೀತಿ ನಿಜವಾದದ್ದೇ, ಪತ್ರಕ್ಕೆ ಮಾತ್ರ ಉಪಯೋಗವಿಲ್ಲ. ನಮ್ಮ ಜನಕ್ಕೆ ಎದುರಿಗೆ ತಪ್ಪು ಹೇಳುವುದು ಎಂದರೆ ಸಂಬಂಧ ಹರಿದುಕೊಂಡ ಹಾಗೆ. "ಹೇಗಿದೆ" ಎಂದು ನೀನು ಕೇಳಿದರೆ "ಚೆನ್ನಾಗಿದೆ" ಎನ್ನದೆ ಅವರಿಗೆ ಬೇರೆ ದಾರಿಯೇ ಇಲ್ಲ. ತಪ್ಪು ಅವರದ್ದಲ್ಲ, ಪ್ರಶ್ನೆಯದ್ದು.

ಹಾಗಾಗಿ ಆ ಪ್ರಶ್ನೆ ಕೇಳಲೇಬೇಡ. ನಿನ್ನ ಆಫೀಸಿನಲ್ಲಿ ಕಾದಂಬರಿ ಓದುವ ಹುಚ್ಚಿನ ಒಬ್ಬ ಮ್ಯಾಸಚೂಸೆಟ್ಸ್ ಹೆಂಗಸು ಇದ್ದಾಳೆ ಎಂದಿದ್ದೆಯಲ್ಲ, ಅವಳಿಗೆ ಫೋನಿನಲ್ಲಿ ಕಳಿಸು. ಏಜೆಂಟರೂ ಓದುವುದು ಹೆಚ್ಚಾಗಿ ಪರದೆಯ ಮೇಲೆಯೇ. ಒಂದೇ ಸಲ ಓದಿ ಪಕ್ಕಕ್ಕಿಡಲು ಹೇಳು. ಆಮೇಲೆ, "ಇದು ಯಾರ ಕಥೆ, ಏನು ಕಥೆ, ನಿನ್ನ ಮಾತಿನಲ್ಲಿ ಹೇಳು" ಎನ್ನು. ಅವಳು ಹೇಳುತ್ತಿರುವಾಗ ಬಾಯಿ ತೆರೆಯಬೇಡ. ಇದು ನಿನಗೆ ಎಷ್ಟು ಕಷ್ಟ ಎಂದು ನನಗೆ ಗೊತ್ತು. ಚಿಕ್ಕಂದಿನಿಂದಲೂ ಅರ್ಧ ವಾಕ್ಯಕ್ಕೇ ಉತ್ತರ ಕೊಡುವವಳು ನೀನು. ಅವಳ ಮಾತುಗಳನ್ನು ಅವಳು ಹೇಳಿದ ಹಾಗೆಯೇ ಬರೆದುಕೋ. "ಇಂಡಿಯಾದ ಒಂದು ಅಣೆಕಟ್ಟಿನ ಬಗ್ಗೆ" ಎಂದರೆ ಪತ್ರ ಸೋತಿದೆ. "ಒಬ್ಬ ಹುಡುಗಿ ಸಹಿ ಹಾಕಬೇಕೋ ಬೇಡವೋ ಎಂದು" ಎಂದು ಶುರುಮಾಡಿದರೆ ಅರ್ಧ ಗೆದ್ದಿದ್ದೀಯ. ಅದಾದ ಮೇಲೆ ಇನ್ನೊಂದು ಪ್ರಶ್ನೆ ಕೇಳಬಹುದು: ಎಲ್ಲಿ ಕಣ್ಣು ಜಾರಿತು? ಯಾವ ಸಾಲಿಗೆ ಬಂದಾಗ ಹಿಂದಕ್ಕೆ ಹೋಗಿ ಮತ್ತೆ ಓದಬೇಕಾಯಿತು? ಜನ ಇದಕ್ಕೆ ಸಂಕೋಚವಿಲ್ಲದೆ ಉತ್ತರ ಕೊಡುತ್ತಾರೆ, ಏಕೆಂದರೆ ಇದರಲ್ಲಿ ನಿನ್ನನ್ನು ಬೈದ ಹಾಗಾಗುವುದಿಲ್ಲ.

ಎಲ್ಲಿ ಎಡವಿದೆ ಎಂದು ಓದುಗರು ಹೇಳಿದರೆ ಬಹುಮಟ್ಟಿಗೆ ಸರಿಯೇ ಇರುತ್ತದೆ. ಹೇಗೆ ತಿದ್ದಬೇಕು ಎಂದು ಹೇಳಿದರೆ ಅಷ್ಟು ಬೇಗ ಒಪ್ಪಬೇಡ. ಸರಸಿ ಯಾಕೆ ಓಡಿಹೋಗಬಾರದು ಎಂದು ಒಬ್ಬರು ಕೇಳಿದರೆ ಅವಳನ್ನು ಓಡಿಸಬೇಕಾಗಿಲ್ಲ; ಅವಳಿಗೆ ಓಡುವ ದಾರಿ ಮುಚ್ಚಿದೆ ಎಂಬುದು ಪತ್ರದಲ್ಲಿ ಕಾಣುತ್ತಿಲ್ಲ ಎಂದು ತಿಳಿದುಕೋ.

ಮುಖ್ಯವಾದ ಒಂದು ವಿಷಯ. ಒಬ್ಬ ಓದುಗರ ಅಜ್ಞಾನ ಒಂದೇ ಸಲ ಕೆಲಸಕ್ಕೆ ಬರುತ್ತದೆ. ಎರಡನೇ ಕರಡನ್ನು ಅವಳಿಗೇ ತೋರಿಸಿದರೆ ಅವಳಿಗೆ ಸರಸಿ ಆಗಲೇ ಗೊತ್ತು, ನನ್ನ ಹಾಗೆ ಅವಳೂ ತುಂಬಿಕೊಂಡು ಓದುತ್ತಾಳೆ. ಆದ್ದರಿಂದ ಇರುವ ಓದುಗರನ್ನೆಲ್ಲ ಒಂದೇ ದಿನ ಖರ್ಚು ಮಾಡಬೇಡ. ಮೊದಲ ಕರಡಿಗೆ ಇಬ್ಬರು, ತಿದ್ದಿದ್ದಕ್ಕೆ ಮತ್ತಿಬ್ಬರು, ಕೊನೆಯದಕ್ಕೆಂದು ಒಬ್ಬರನ್ನು ಏನೂ ಹೇಳದೆ ಉಳಿಸಿಕೋ. ಹದಿನೈದು ಜನರಿಗೆ ತೋರಿಸಿ ಹದಿನೈದು ಜನರ ಮಾತನ್ನೂ ಕೇಳಿದವರ ಪತ್ರ ನಾನು ನೋಡಿದ್ದೇನೆ. ತಪ್ಪು ಒಂದೂ ಇರುವುದಿಲ್ಲ, ಬರೆದವರೂ ಇರುವುದಿಲ್ಲ. ಮೊದಲ ಕರಡನ್ನು ಅಳಿಸದೆ ಇಟ್ಟುಕೋ, ನಿನ್ನ ದನಿ ಅದರಲ್ಲೇ ಇರುತ್ತದೆ. ಯಂತ್ರಕ್ಕೆ ಕೊಟ್ಟು ನಯ ಮಾಡಿಸುವ ಆಸೆಯೂ ಬೇಡ. ಅದು ಎಲ್ಲರ ಪತ್ರವನ್ನೂ ಒಂದೇ ಧಾಟಿಗೆ ತರುತ್ತದೆ, ಕೆಲವು ಏಜೆಂಟರಂತೂ ಎಐ ಬಳಸಿದ್ದೀರಾ ಎಂದು ಅರ್ಜಿಯಲ್ಲೇ ಕೇಳುತ್ತಾರೆ.

ಕಾದಂಬರಿ ಪೂರ್ತಿ ಓದಿದ ಒಬ್ಬರಿಗೂ ಪತ್ರ ತೋರಿಸಲೇಬೇಕು, ಆದರೆ ಬೇರೆ ಪ್ರಶ್ನೆಯೊಂದಿಗೆ: ಈ ಪತ್ರ ನಂಬಿ ಪುಸ್ತಕ ಹಿಡಿದವರಿಗೆ ಮೋಸವಾಗುತ್ತದೆಯೇ? ಹೆಬ್ಬೆಟ್ಟಿನ ಪ್ರಸಂಗ ಪತ್ರದಲ್ಲಿ ಮೊದಲಿಗೇ ಬಂದು, ಕಾದಂಬರಿಯಲ್ಲಿ ಇನ್ನೂರನೇ ಪುಟದಲ್ಲಿ ಬಂದರೆ ಪತ್ರ ಸುಳ್ಳು ಹೇಳಿದ ಹಾಗೆ. ಅಮೆರಿಕದಲ್ಲಿ ಪತ್ರದ ಜೊತೆಗೆ ಸಾಮಾನ್ಯವಾಗಿ ಮೊದಲ ಐದೋ ಹತ್ತೋ ಪುಟ ಕೇಳುತ್ತಾರೆ, ಇಂಗ್ಲೆಂಡಿನಲ್ಲಿ ಸಿನಾಪ್ಸಿಸ್ ಮತ್ತು ಮೊದಲ ಮೂರು ಅಧ್ಯಾಯ. ಪತ್ರ ಕೊಟ್ಟ ಮಾತಿನ ಸುಳಿವು ಆ ಪುಟಗಳಲ್ಲಿ ಸಿಗಬೇಕು. ಪತ್ರ ತಿದ್ದಲು ಕೂತು ಕಾದಂಬರಿಯ ಹುಳುಕು ಕಾಣಿಸಿಕೊಳ್ಳುವುದು ಹೀಗೆ. ನಾಯಕಿ ಏನನ್ನು ಕಳೆದುಕೊಳ್ಳುತ್ತಾಳೆ ಎಂದು ಎರಡು ವಾಕ್ಯದಲ್ಲಿ ಹೇಳಲು ಬಾರದಿದ್ದರೆ, ನಾಲ್ಕುನೂರು ಪುಟದಲ್ಲೂ ಅದು ಇಲ್ಲದಿರುವ ಸಾಧ್ಯತೆಯೇ ಹೆಚ್ಚು.

ಹುಳುಕು ಎಂದ ಮೇಲೆ ನೆನಪಾಯಿತು. ನಿನ್ನ ಪತ್ರದಲ್ಲಿ ಪದಗಳ ಲೆಕ್ಕ 1,60,000 ಎಂದಿದೆ. ಮೊದಲ ಕಾದಂಬರಿಗೆ ಅಲ್ಲಿಯವರು ನಿರೀಕ್ಷಿಸುವುದು 80,000ದಿಂದ 1,00,000. ಐತಿಹಾಸಿಕ ವಸ್ತುವಾದರೆ ಇನ್ನು ಸ್ವಲ್ಪ ಹೆಚ್ಚಿಗೆ ತಾಳಿಕೊಳ್ಳುತ್ತಾರೆ. ಆ ಅಂಕಿ ನೋಡಿಯೇ ಕೆಲವರು ಪತ್ರ ಮುಚ್ಚುತ್ತಾರೆ. ಅಂಕಿ ಮರೆಮಾಡುವುದು ಪರಿಹಾರವಲ್ಲ. ಹಿರೇಭಾಸ್ಕರದ ಇತಿಹಾಸ ಕಾದಂಬರಿಯಲ್ಲಿ ಎಷ್ಟು ಪುಟ ಇದೆಯೋ ಎಂದು ನನಗೀಗ ಅನುಮಾನ.

ಹೋಲಿಕೆಯ ಪುಸ್ತಕವೆಂದು 'ಮಿಡ್‌ನೈಟ್ಸ್ ಚಿಲ್ಡ್ರನ್' ಹಾಕಿದ್ದೀಯ. 1981ರ ಪುಸ್ತಕ ಅದು. ಏಜೆಂಟ್ ತಿಳಿಯಬಯಸುವುದು ನಿನ್ನ ಪುಸ್ತಕವನ್ನು ಇವತ್ತು ಕೊಳ್ಳುವವರು ಯಾರು ಎಂದು, ನಿನ್ನ ಗುರುಗಳು ಯಾರು ಎಂದಲ್ಲ. ಕಳೆದ ನಾಲ್ಕೈದು ವರ್ಷಗಳಲ್ಲಿ ಅಲ್ಲಿ ಪ್ರಕಟವಾದ ಎರಡು ಪುಸ್ತಕ ಹೆಸರಿಸು, ಓದಿ ಹೆಸರಿಸು. ನಾ. ಡಿಸೋಜರ 'ದ್ವೀಪ' ನಿನ್ನ ವಸ್ತುವಿಗೆ ಎಲ್ಲಕ್ಕಿಂತ ಹತ್ತಿರ, 2013ರಲ್ಲಿ ಸುಶೀಲಾ ಪುನೀತಾ ಅವರ ಇಂಗ್ಲಿಷ್ ಅನುವಾದವೂ ಬಂದಿದೆ. ಓದಿಲ್ಲದಿದ್ದರೆ ಮೊದಲು ಓದು. ಹೋಲಿಕೆಯ ಸಾಲಿಗೆ ಮಾತ್ರ ಅದು ಹೊಂದುವುದಿಲ್ಲ. ಅಮೆರಿಕದಲ್ಲಿ 2017ರಲ್ಲಿ ಬಂದ 'ಘಾಚರ್ ಘೋಚರ್' ಕೂಡ ಈ ಲೆಕ್ಕದಲ್ಲಿ ಹಳೆಯದಾಯಿತು. ಬಾನು ಮುಷ್ತಾಕ್ ಮತ್ತು ದೀಪಾ ಭಾಸ್ತಿ ಅವರಿಗೆ 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂದದ್ದನ್ನು ಪತ್ರದಲ್ಲಿ ತೂರಿಸಬೇಕೆಂದು ನಿನಗೆ ಆಸೆ ಇರುತ್ತದೆ. ಬೇಡ. 'ಹಾರ್ಟ್ ಲ್ಯಾಂಪ್' ಕನ್ನಡದಿಂದ ಹೋದ ಕಥಾಸಂಕಲನ, ನಿನ್ನದು ಇಂಗ್ಲಿಷಿನಲ್ಲೇ ಬರೆದ ಕಾದಂಬರಿ. ಅವರ ಕೀರ್ತಿ ನಿನ್ನ ಪತ್ರಕ್ಕೆ ಅಂಟುವುದಿಲ್ಲ.

ಹೊರಗಿನ ಓದುಗರಿಗೆ ತೋರಿಸು ಎಂದೆ. ಅದರಲ್ಲಿ ಒಂದು ಅಪಾಯವಿದೆ, ಎಚ್ಚರಿಸದೆ ಬಿಟ್ಟರೆ ತಪ್ಪಾಗುತ್ತದೆ. ಅವರಲ್ಲಿ ಕೆಲವರು "ಇನ್ನೂ ಸ್ವಲ್ಪ ಬಣ್ಣ ಹಾಕು, ಮಳೆಯ ವಾಸನೆ, ಮಸಾಲೆ, ಸೀರೆ" ಎನ್ನುತ್ತಾರೆ. ಇನ್ನು ಕೆಲವರು ಶಾನುಭೋಗ ಎಂಬ ಶಬ್ದ ತೆಗೆದು ಗುಮಾಸ್ತ ಎಂದು ಹಾಕಲು ಹೇಳುತ್ತಾರೆ. ನಾನು ಇದಕ್ಕೆ ಇಟ್ಟುಕೊಂಡ ಅಳತೆ ಸರಳವಾದದ್ದು: ಶಬ್ದ ತಿಳಿಯದಿದ್ದರೂ ಸರಸಿಯ ಇಕ್ಕಟ್ಟು ತಿಳಿದರೆ ಶಬ್ದ ಹಾಗೇ ಇರಲಿ, ಇಕ್ಕಟ್ಟೇ ತಿಳಿಯದೆ ಹೋದರೆ ವಾಕ್ಯ ಬದಲಿಸು. ಮಸಾಲೆ ಕೇಳಿದವರಿಗೆ ನಕ್ಕು ಧನ್ಯವಾದ ಹೇಳಿ ಬಾ. ಹಾಗೆಂದು ಒರಟಾಗಿ ಕೇಳುವ ಎಲ್ಲ ಪ್ರಶ್ನೆಯನ್ನೂ "ಇವರಿಗೆ ನಮ್ಮ ಸಂಸ್ಕೃತಿ ಅರ್ಥವಾಗುವುದಿಲ್ಲ" ಎಂದು ತಳ್ಳಿಹಾಕಬೇಡ. ಹೊಸ ಲೇಖಕರು ತಮ್ಮ ಅಸ್ಪಷ್ಟತೆಗೆ ಸಂಸ್ಕೃತಿಯ ಹೊದಿಕೆ ಹೊದಿಸುವುದನ್ನು ದೆಹಲಿಯಲ್ಲಿ ಸಾಕಷ್ಟು ಕಂಡಿದ್ದೇನೆ.

ದುಡ್ಡಿನ ಮಾತು. ಪತ್ರ ತಿದ್ದಿಕೊಡಲು ಹಣ ಪಡೆಯುವ ಸ್ವತಂತ್ರ ಸಂಪಾದಕರಿದ್ದಾರೆ, ಅದರಲ್ಲಿ ತಪ್ಪೇನಿಲ್ಲ, ಮೇಲೆ ಹೇಳಿದ ಪುಕ್ಕಟೆ ಪರೀಕ್ಷೆಗಳೆಲ್ಲ ಮುಗಿದ ಮೇಲೆ ಬೇಕೆನಿಸಿದರೆ ನೋಡು. ಆದರೆ ನಿನ್ನ ಪುಸ್ತಕವನ್ನು ಪ್ರತಿನಿಧಿಸುತ್ತೇನೆ ಎನ್ನುವ ಏಜೆಂಟ್ ಓದುವುದಕ್ಕೆ ಶುಲ್ಕ ಕೇಳಿದರೆ ಅಲ್ಲಿಗೆ ಮಾತು ನಿಲ್ಲಿಸು. ಅಮೆರಿಕದ ಏಜೆಂಟರ ಸಂಘ ತನ್ನ ಸದಸ್ಯರಿಗೆ ಓದುವ ಶುಲ್ಕವನ್ನು ನಿಷೇಧಿಸಿದೆ. ನಿಜವಾದ ಏಜೆಂಟರ ಹೆಸರು ಕದ್ದು ಇಮೇಲ್ ಬರೆಯುವ ವಂಚಕರೂ ಇದ್ದಾರೆ. ನೀನು ಬರೆಯದ ಏಜೆಂಟ್ ತಾನಾಗಿ ನಿನ್ನನ್ನು ಹೊಗಳಿ ಬರೆದರೆ, ಆ ವಿಳಾಸ ಸಂಸ್ಥೆಯದ್ದೇ ಹೌದೋ ಎಂದು ಮೊದಲು ನೋಡು. ರೈಟರ್ ಬಿವೇರ್ ಎಂಬ ಸೇವೆ ಇಂಥವರ ಮೇಲೆ ಬಹುಕಾಲದಿಂದ ಕಣ್ಣಿಟ್ಟಿದೆ.

ಪತ್ರ ಹದಕ್ಕೆ ಬಂತು ಎನಿಸಿದ ಮೇಲೂ ಎಲ್ಲರಿಗೂ ಒಟ್ಟಿಗೆ ಕಳಿಸಬೇಡ. ಆರೇಳು ಜನರಿಗೆ ಕಳಿಸಿ ಎರಡು ಮೂರು ತಿಂಗಳು ಕಾಯಿ. ಯಾರೂ ಪುಟ ಕೇಳದಿದ್ದರೆ ಪತ್ರದಲ್ಲೋ ಮೊದಲ ಪುಟಗಳಲ್ಲೋ ತೊಡಕಿದೆ. ಪೂರ್ತಿ ಹಸ್ತಪ್ರತಿ ತರಿಸಿಕೊಂಡು ಬೇಡ ಎಂದರೆ ಪತ್ರ ತನ್ನ ಕೆಲಸ ಮಾಡಿದೆ, ಇನ್ನು ಕಾದಂಬರಿ ತೆರೆ. ಉತ್ತರವೇ ಬಾರದಿರುವುದೂ ಅಲ್ಲಿ ಒಂದು ಉತ್ತರ. ಕ್ಯಾಥರಿನ್ ಸ್ಟಾಕೆಟ್ 'ದ ಹೆಲ್ಪ್' ಕಾದಂಬರಿಗೆ ಅರವತ್ತು ಸಲ ಇಲ್ಲ ಎನಿಸಿಕೊಂಡು, ಅರವತ್ತೊಂದನೆಯ ಏಜೆಂಟ್ ಹೌದು ಎಂದರು ಎಂದು ಹೇಳಿಕೊಂಡಿದ್ದಾರೆ. ಅದನ್ನು ಛಲದ ಕಥೆಯಾಗಿ ಹಂಚಿಕೊಳ್ಳುವವರು, ನಡುವೆ ಆಕೆ ತಿದ್ದುತ್ತಲೇ ಇದ್ದರು ಎಂಬುದನ್ನು ಬಿಟ್ಟುಬಿಡುತ್ತಾರೆ.

ಈ ತಿಂಗಳು ಯಾವ ಏಜೆಂಟಿಗೂ ಕಳಿಸಬೇಡ. ಹೆಬ್ಬೆಟ್ಟಿನಿಂದ ಶುರುಮಾಡಿ ಹೊಸ ಕರಡು ಬರೆದು, ಆ ಮ್ಯಾಸಚೂಸೆಟ್ಸ್ ಹೆಂಗಸಿಗೆ ಓದಲು ಕೊಡು. ಅವಳು ಏನು ಹೇಳಿದಳು ಎಂಬುದನ್ನು ಅವಳ ಮಾತಿನಲ್ಲೇ ನನಗೆ ಬರೆದು ಕಳಿಸು. ನಿನ್ನ ಸಮರ್ಥನೆ ಜೊತೆಗಿರುವುದು ಬೇಡ.

ನಿನ್ನ ಅತ್ತೆ